ಸೆಕೆಯಿಲ್ಲದೆ ಬರುವ ಬೆವರು

(ಉಡುಪಿ ಸಮೀಪದ ಊರೊಂದರ ಭಜನಾ ಮಂದಿರದಲ್ಲಿ, ಏಪ್ರಿಲ್ ತಿಂಗಳ ಒಂದು ಆದಿತ್ಯವಾರ ಸಂಜೆ ವೈದ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)

ಕರೆಂಟು ಹೋಗಿ ಹತ್ತು ನಿಮಿಷ ಆಯಿತು. ಮುಂದಿನ ಎರಡು ಸಾಲಿನವರು ಆಮಂತ್ರಣ ಪತ್ರಿಕೆಯನ್ನೇ ಬೀಸಣಿಗೆ ಮಾಡಿಕೊಂಡಿದ್ದೀರಿ. ಹಿಂದೆ ಕೂತವರ ಬೈರಾಸು ಹೆಗಲಿನಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮುಖಕ್ಕೆ ಓಡಾಡುತ್ತಾ ಉಂಟು. ನನ್ನ ಅಂಗಿಯೂ ಬೆನ್ನಿಗೆ ಅಂಟಿದೆ. ಬೆವರಿನ ಬಗ್ಗೆ ಮಾತಾಡಲಿಕ್ಕೆ ಇದಕ್ಕಿಂತ ಒಳ್ಳೆಯ ಸಭೆ ಸಿಗಲಿಕ್ಕಿಲ್ಲ.

ಒಂದು ಕೆಲಸ ಮಾಡಿ. ಕೈಯ ಹಿಂಬದಿಯನ್ನು ನಿಮ್ಮ ಹಣೆಗೆ ಮುಟ್ಟಿಸಿ ನೋಡಿ. ಒದ್ದೆ ಉಂಟು, ಬೆಚ್ಚಗೂ ಉಂಟು. ಈ ಬೆಚ್ಚಗಿನ ಒದ್ದೆಯನ್ನು ಕೈಗೆ ನೆನಪಿರಲಿ. ಇವತ್ತು ನಾನು ಹೇಳಬೇಕಾದ್ದು ಇನ್ನೊಂದು ಬೆವರಿನ ಬಗ್ಗೆ. ಅದೂ ಒದ್ದೆಯೇ, ಆದರೆ ಮುಟ್ಟಿದರೆ ತಣ್ಣಗೆ.

ಘಟ್ಟದ ಮೇಲೆ, ಚಿಕ್ಕಮಗಳೂರಿನಲ್ಲೋ ಮಡಿಕೇರಿಯಲ್ಲೋ, ಜನವರಿಯ ಬೆಳಗಿನ ಜಾವ ಒಬ್ಬರು ಎದ್ದು ಕೂತು ಬಟ್ಟೆ ಒದ್ದೆಯಾಗುವಷ್ಟು ಬೆವರಿದರೆ ಮನೆಗೆ ಮನೆಯೇ ಏಳುತ್ತದೆ. ನಮ್ಮಲ್ಲಿ "ಎಂತ ಸೆಕೆ ಮಾರಾಯ್ರೆ" ಎಂದು ಕಿಟಕಿ ತೆಗೆದು ಮತ್ತೆ ಮಲಗುತ್ತೇವೆ. ತುಳುವಿನಲ್ಲಿ ಬೆಗರ್ ಅನ್ನಿ, ಕೊಂಕಣಿಯಲ್ಲಿ ಘಾಮ್ ಅನ್ನಿ, ಬೆವರು ನಮಗೆ ಮೈಮೇಲಿನ ಇನ್ನೊಂದು ಬಟ್ಟೆ. ದಿನಾ ಇರುವುದು ಕಣ್ಣಿಗೆ ಬೀಳುವುದಿಲ್ಲ. "ಸೆಕೆಗೆ ಬೆವರಿದ್ದು ಅಂದುಕೊಂಡೆವು ಡಾಕ್ಟ್ರೆ" ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ.

ಒಬ್ಬರದ್ದು ಹೇಳುತ್ತೇನೆ. ಅಡಿಕೆ ತೋಟ ಇದ್ದವರು, ವಯಸ್ಸು 58. ಮಧ್ಯಾಹ್ನ ಊಟ ಮಾಡಿ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿದರು. ಸ್ವಲ್ಪ ಹೊತ್ತಿನಲ್ಲಿ ಮುಖ, ಎದೆ ಎಲ್ಲ ಬೆವರು. "ಅಡಿಕೆ ಸೊಕ್ಕಿತು ಕಾಣ್ತದೆ" ಎಂದು ಉಗಿದು ಬಾಯಿ ತೊಳೆದುಕೊಂಡರು. ಅವರು ಹಾಗೆ ಅಂದುಕೊಂಡದ್ದರಲ್ಲಿ ತಪ್ಪೇನೂ ಇಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಪದಾರ್ಥ ಬೆವರಿನ ಗ್ರಂಥಿಗಳನ್ನು ನೇರವಾಗಿ ಕೆದಕುತ್ತದೆ. ಅಭ್ಯಾಸ ಇಲ್ಲದವರು ಹಸಿ ಅಡಿಕೆ ಜಗಿದರೆ ಬೆವರಿ ತಲೆ ತಿರುಗಿ ಕೂರುವುದನ್ನು ನೀವೆಲ್ಲ ನೋಡಿದ್ದೀರಿ. ಮದುವೆಮನೆಗಳಲ್ಲಿ ಪೇಟೆಯಿಂದ ಬಂದ ಅಳಿಯಂದಿರಿಗೆ ಅಡಿಕೆ ಸೊಕ್ಕಿಸಿ ನಗುವುದು ನಮ್ಮ ಹಳೆಯ ತಮಾಷೆ. ಆದರೆ ಸೊಕ್ಕು ಉಗಿದ ಮೇಲೆ ಇಳಿಯುತ್ತದೆ. ಇವರದ್ದು ಇಳಿಯಲಿಲ್ಲ. ಮೇಲಾಗಿ ಇವರು ನಲವತ್ತು ವರ್ಷ ಅದೇ ತೋಟದ ಅಡಿಕೆ ತಿಂದವರು, ಆ ದಿನ ಮಾತ್ರ ಸೊಕ್ಕುವುದು ಯಾಕೆ? ಆ ಪ್ರಶ್ನೆ ಬಂದದ್ದು ಅವರ ಹೆಂಡತಿಗೆ. ಹತ್ತಿರ ಹೋಗಿ ತೋಳು ಮುಟ್ಟಿದ್ದಾರೆ. ನನಗೆ ಫೋನಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ಐಸಿನಲ್ಲಿಟ್ಟ ಬಂಗುಡೆ ಮುಟ್ಟಿದ ಹಾಗೆ ಆಗ್ತದೆ ಡಾಕ್ಟ್ರೆ."

ಅದು ಹೃದಯಾಘಾತ. ಎದೆನೋವು ಇರಲೇ ಇಲ್ಲ, ದವಡೆ ಮಾತ್ರ ಭಾರ ಎನ್ನುತ್ತಿದ್ದರು. ಅವರು ಬದುಕಿದರು, ಈಗಲೂ ತೋಟಕ್ಕೆ ಹೋಗುತ್ತಾರೆ. ವೈದ್ಯಕೀಯ ಪುಸ್ತಕ ಅರ್ಧ ಪುಟದಲ್ಲಿ ಹೇಳುವುದನ್ನು ಆ ಅಮ್ಮ ಒಂದು ಬಂಗುಡೆಯಲ್ಲಿ ಹೇಳಿ ಮುಗಿಸಿದರು.

ಬೆವರು ಬೆಚ್ಚಗಿರುವುದು ಯಾವಾಗ, ತಣ್ಣಗಾಗುವುದು ಯಾಕೆ, ಇದು ಸ್ವಲ್ಪ ಅರ್ಥವಾದರೆ ಉಳಿದದ್ದು ಸುಲಭ. ನಮ್ಮ ಚರ್ಮದಲ್ಲಿ 20 ರಿಂದ 40 ಲಕ್ಷ ಬೆವರಿನ ಗ್ರಂಥಿಗಳಿವೆ. ಸೆಕೆಯಾದಾಗ ಮೆದುಳು ಎರಡು ಕೆಲಸ ಮಾಡಿಸುತ್ತದೆ. ಚರ್ಮದ ರಕ್ತನಾಳಗಳನ್ನು ಅಗಲ ಮಾಡಿ ಒಳಗಿನ ಬಿಸಿಯನ್ನು ಹೊರಗೆ ತರುತ್ತದೆ, ಮೇಲಿನಿಂದ ಬೆವರು ಬಿಡುತ್ತದೆ. ಬೆವರು ಆರುವಾಗ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಬೆವರು ಆರುವುದಿಲ್ಲ, ಹನಿದು ಬೀಳುತ್ತದೆ. ಹಾಗಾಗಿ ಬಳ್ಳಾರಿಯ 40 ಡಿಗ್ರಿಗಿಂತ ಮಂಗಳೂರಿನ 34 ಡಿಗ್ರಿಯೇ ಕಷ್ಟ ಅನ್ನಿಸುವುದುಂಟು. ಅದೇನೇ ಇರಲಿ, ಸೆಕೆಯ ಬೆವರಿನಲ್ಲಿ ಚರ್ಮದ ತುಂಬ ರಕ್ತ ಇರುತ್ತದೆ, ಮುಖ ಕೆಂಪಗೆ, ಮೈ ಬೆಚ್ಚಗೆ.

ಇನ್ನೊಂದು ಸಂದರ್ಭ ನೋಡಿ. ಮೇ ತಿಂಗಳಲ್ಲಿ ಬಾವಿ ತಳ ಕಾಣುವಾಗ ನಾವು ಎಂತ ಮಾಡುತ್ತೇವೆ? ತೋಟಕ್ಕೆ ಬಿಡುವ ನೀರು ನಿಲ್ಲಿಸಿ ಅಡುಗೆಮನೆಗೆ, ದನಕ್ಕೆ ಇಷ್ಟೆಂದು ಉಳಿಸಿಕೊಳ್ಳುತ್ತೇವೆ. ದೇಹವೂ ಹಾಗೆಯೇ. ಹೃದಯ ಸರಿಯಾಗಿ ಪಂಪು ಮಾಡುತ್ತಿಲ್ಲ, ಒಳಗೆಲ್ಲೋ ರಕ್ತ ಸೋರುತ್ತಿದೆ, ಮೆದುಳಿಗೆ ಸಕ್ಕರೆ ಸಾಲುತ್ತಿಲ್ಲ, ಇಂಥ ಯಾವುದಾದರೂ ಆಪತ್ತು ಬಂದಾಗ ಅಡ್ರಿನಲಿನ್ ಎಂಬ ತುರ್ತಿನ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ. ಚರ್ಮದ ರಕ್ತನಾಳಗಳು ಮುಚ್ಚಿಕೊಂಡು ರಕ್ತ ಹೃದಯ ಮತ್ತು ಮೆದುಳಿನ ಕಡೆ ತಿರುಗುತ್ತದೆ. ಅದೇ ಹೊತ್ತಿಗೆ, ಅದೇ ನರಗಳ ಗದ್ದಲದಲ್ಲಿ, ಬೆವರಿನ ಗ್ರಂಥಿಗಳೂ ತೆರೆದುಕೊಳ್ಳುತ್ತವೆ. ರಕ್ತವಿಲ್ಲದ ಚರ್ಮದ ಮೇಲೆ ನೀರು. ಮುಖ ಬಿಳುಚಿ, ಕೈಕಾಲು ತಣ್ಣಗೆ, ಅಂಗೈ ಅಂಟಂಟು. ಈ ಬೆವರಿಗೆಂದು ಮದ್ದಿಲ್ಲ, ಒರೆಸಿ ಪೌಡರ್ ಹಾಕಿ ಪ್ರಯೋಜನವಿಲ್ಲ. ಯಾಕೆ ಬಂತು ಎಂದು ಹುಡುಕಬೇಕು.

ಹೃದಯದ ವಿಷಯದಲ್ಲಿ ನಮ್ಮ ಊರಿನ ದೊಡ್ಡ ವೈರಿ ಗ್ಯಾಸ್. ಎದೆ ಬಿಗಿದರೂ ಗ್ಯಾಸ್, ಹೊಟ್ಟೆ ತೊಳಸಿದರೂ ಗ್ಯಾಸ್. ಶುಂಠಿ ಕಷಾಯ ಆಯಿತು, ಓಮದ ನೀರು ಆಯಿತು, ಸೋಡಾ ಆಯಿತು, ಮೆಡಿಕಲ್ಲಿನಿಂದ ಮಾತ್ರೆ ಆಯಿತು, ಆಮೇಲೆ ಆಸ್ಪತ್ರೆ. ಗ್ಯಾಸಿಗೆ ಹೊಟ್ಟೆ ಉಬ್ಬರಿಸಬಹುದು, ತೇಗು ಬರಬಹುದು. ಗ್ಯಾಸಿಗೆ ಮೈ ತಣ್ಣಗಾಗಿ ಅಂಗಿ ಹಿಂಡುವಷ್ಟು ಬೆವರು ಬರುವುದಿಲ್ಲ. ಎದೆಯಲ್ಲಿ ಭಾರ, ಅಥವಾ ಎಡತೋಳು, ದವಡೆ, ಬೆನ್ನು, ಮೇಲ್ಹೊಟ್ಟೆಯಲ್ಲಿ ಏನೋ ಸರಿಯಿಲ್ಲ ಎನ್ನುವ ಸಂಕಟ, ಜೊತೆಗೆ ತಣ್ಣನೆ ಬೆವರು ಇದ್ದರೆ ಬೇರೆಂಥದ್ದೂ ಯೋಚನೆ ಬೇಡ, ಹೃದಯ ಎಂದೇ ಹೊರಡಿ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರಲ್ಲಿ ನೋವೇ ಇಲ್ಲದಿರಬಹುದು. ಬೆವರು, ಏದುಸಿರು, ವಾಕರಿಕೆ, ವಿಪರೀತ ಸುಸ್ತು, ಇಷ್ಟೇ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಸುಮಾರು ವರ್ಷಗಳ ಹಿಂದೆ ಮೇ ತಿಂಗಳ ಒಂದು ಮದುವೆ. ಅಡುಗೆಯ ಕೊಟ್ಟಿಗೆಯ ಹತ್ತಿರ ಹೋದಾಗ ಅಡುಗೆಯವರೊಬ್ಬರು ಬೆಂಚಿನ ಮೇಲೆ ಕೂತಿದ್ದರು. ಕೊಪ್ಪರಿಗೆಯ ಬೆಂಕಿಯ ಮುಂದೆ ಬೆಳಗ್ಗಿನಿಂದ ನಿಂತವರು. "ಹೊಟ್ಟೆ ತೊಳಸ್ತದೆ ಡಾಕ್ಟ್ರೆ, ಕಣ್ಣು ಕತ್ತಲೆ ಬಂದ ಹಾಗೆ" ಎಂದರು. ಬೆಂಕಿ, ಬಿಸಿಲು, ಬೆವರು. ನನಗೆ ಉತ್ತರ ಸಿದ್ಧವಾಗಿಯೇ ಇತ್ತು. ಉಪ್ಪು ಹಾಕಿದ ಮಜ್ಜಿಗೆ ಕುಡಿದು ನೆರಳಲ್ಲಿ ಮಲಗಿ ಎಂದು ಹೇಳಿ ಊಟಕ್ಕೆ ಹೋದೆ. ಸಂಜೆ ಅವರು ಐಸಿಯುನಲ್ಲಿದ್ದರು. ನಾನು ಅವರ ಕೈ ಮುಟ್ಟಿರಲಿಲ್ಲ, ನಾಡಿ ನೋಡಿರಲಿಲ್ಲ, ಸಿಹಿಮೂತ್ರ ಉಂಟಾ ಎಂದು ಕೇಳಿರಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ಬಿಸಿಲಿನ ಬಳಲಿಕೆಯಲ್ಲೂ ಮೈ ತಣ್ಣಗೆ, ಬಿಳಿಚಿ, ಒದ್ದೆ ಆಗುತ್ತದೆ. ನೀರು, ಉಪ್ಪು ಎರಡೂ ಕಡಿಮೆಯಾಗಿ ರಕ್ತದೊತ್ತಡ ಇಳಿದಿರುತ್ತದೆ. ಅಂಥವರನ್ನು ನೆರಳಿಗೆ ತಂದು, ಮಲಗಿಸಿ, ಕಾಲು ಎತ್ತರಕ್ಕಿಟ್ಟು, ಬಟ್ಟೆ ಸಡಿಲಿಸಿ, ಓಆರ್‌ಎಸ್ಸೋ ಉಪ್ಪು ಬೆರೆಸಿದ ಗಂಜಿ ತಿಳಿಯೋ ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಖಕ್ಕೆ ಕಳೆ ಬರಬೇಕು. ಬರದಿದ್ದರೆ ಆಸ್ಪತ್ರೆ. 40 ದಾಟಿದವರಾದರೆ, ಬಿಪಿ, ಸಿಹಿಮೂತ್ರ, ಬೀಡಿ ಸಿಗರೇಟು ಇದ್ದವರಾದರೆ ಅರ್ಧ ಗಂಟೆಯೂ ಕಾಯಬೇಡಿ. ಬಿಸಿಲಿನಲ್ಲಿದ್ದವರ ಮೈ ಸುಡುತ್ತಿದ್ದು, ಮಾತು ತೊದಲಿ, ಗಲಿಬಿಲಿಯಾದರೆ ಅದು ಬೇರೆ, ಅದು ಹೀಟ್ ಸ್ಟ್ರೋಕ್. ಮೈಗೆ ನೀರು ಸುರಿಯುತ್ತಲೇ ಓಡಬೇಕಾದ ಸ್ಥಿತಿ.

ಹೃದಯ ಎಂದು ಸಂಶಯ ಬಂದಾಗ ಮನೆಯಲ್ಲಿ ಎಂತ ಮಾಡಬಹುದು? 108ಕ್ಕೆ ಫೋನ್ ಮಾಡಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಇಲ್ಲದವರಾದರೆ 300 ಮಿಲಿಗ್ರಾಂ ಆಸ್ಪಿರಿನ್ ಜಗಿಸಬಹುದು. ನುಂಗಿದರೆ ನಿಧಾನ, ಜಗಿದರೆ ಬೇಗ ಕೆಲಸ. ನಾಲಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಜೇಬಿನಲ್ಲಿಟ್ಟು ಕಂಡವರಿಗೆಲ್ಲ ಕೊಡಿ ಎಂದು ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ನಂಬಬೇಡಿ. ಅದು ರಕ್ತದೊತ್ತಡ ಇಳಿಸುವ ಮಾತ್ರೆ. ತಣ್ಣಗೆ ಬೆವರಿ ಬಿಳಿಚಿದವರ ಒತ್ತಡ ಮೊದಲೇ ಪಾತಾಳದಲ್ಲಿದ್ದರೆ ಅವರನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ನಿಮ್ಮ ಡಾಕ್ಟರು ನಿಮಗೇ ಬರೆದುಕೊಟ್ಟಿದ್ದರೆ ಮಾತ್ರ, ಅವರು ಹೇಳಿದ ಹಾಗೆ.

ಎಲ್ಲರೂ ಮೊದಲೇ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕೆಂದಿಲ್ಲ. ಇಸಿಜಿ ಇರುವ ಹತ್ತಿರದ ಆಸ್ಪತ್ರೆ ಮುಖ್ಯ. ರಾಜ್ಯ ಸರಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಕೇಂದ್ರದ ತಜ್ಞರು ದೂರದಿಂದಲೇ ಓದುತ್ತಾರೆ. ಅಗತ್ಯವಿದ್ದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ದುಬಾರಿ ಇಂಜೆಕ್ಷನ್ ಅಲ್ಲಿಯೇ ಉಚಿತವಾಗಿ ಸಿಗುತ್ತದೆ. ನಮ್ಮ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ತಲುಪಿಸಿ, ವಾಟ್ಸಾಪಿನಲ್ಲಿ ಅದನ್ನು ಓದಿ ಹೇಳುವ ಕೆಲಸ ಎಷ್ಟೋ ವರ್ಷದಿಂದ ಮಾಡುತ್ತಾ ಬಂದಿದ್ದಾರೆ. ವಾಟ್ಸಾಪಿಗೆ ಬೈದ ಬಾಯಲ್ಲೇ ಇದನ್ನೂ ಹೇಳಬೇಕು. ಇನ್ನೊಂದು ಮಾತು: ಮೊದಲ ಇಸಿಜಿ ಸರಿ ಇದೆ ಎಂದು ಎದ್ದು ಬರಬೇಡಿ. ಮೊದಲ ಗಂಟೆಯಲ್ಲಿ ಅದು ಸರಿಯಾಗಿಯೇ ಕಾಣಬಹುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ತೆಗೆಯುತ್ತಾರೆ, ಹೃದಯಕ್ಕೆ ಪೆಟ್ಟಾಗಿದೆಯಾ ಎಂದು ತಿಳಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಮಾಡುತ್ತಾರೆ. ಅಷ್ಟು ಹೊತ್ತು ಕೂರಿಸಿದರೆ ಬಿಲ್ಲು ಹೆಚ್ಚಿಸಲಿಕ್ಕೆ ಎಂದು ಅಂದುಕೊಳ್ಳಬೇಡಿ.

ಈಗ ಸಕ್ಕರೆಗೆ ಬರುವ. ಇಲ್ಲಿ ಏಕಾದಶಿ ಮಾಡುವವರು ಎಷ್ಟು ಜನ? ಸಾಕಷ್ಟು ಕೈ ಎದ್ದಿತು. ಅದರಲ್ಲಿ ಸಿಹಿಮೂತ್ರದ ಮಾತ್ರೆ ತಗೊಳ್ಳುವವರು? ನೋಡಿ, ಈಗ ಕೈ ಏಳುವುದಿಲ್ಲ. ಎಪ್ಪತ್ತರ ಒಬ್ಬ ಅಜ್ಜಿ ನಿರಾಹಾರ ಏಕಾದಶಿ, ಆದರೆ ಮಾತ್ರೆ ತಪ್ಪಿಸಬಾರದು ಎಂದು ಗ್ಲಿಮಿಪಿರೈಡ್ ಮಾತ್ರ ಶ್ರದ್ಧೆಯಿಂದ ನುಂಗಿದ್ದರು. ಮಧ್ಯಾಹ್ನದ ಹೊತ್ತಿಗೆ ಸೊಸೆಗೆ ಬೈಯಲು ಶುರು. ಯಾವತ್ತೂ ಹಾಗೆ ಮಾತಾಡದವರು. ಕೈ ನಡುಗುತ್ತಿತ್ತು, ಸೀರೆ ಒದ್ದೆ, ಮೈ ತಣ್ಣಗೆ. ಮನೆಯವರು ಮೊದಲು ಉಪವಾಸದ ನಿತ್ರಾಣ ಎಂದರು, ಆಮೇಲೆ ದೃಷ್ಟಿ ತಾಗಿದೆ ಎಂದರು. ಪಕ್ಕದ ಮನೆಯ ಹುಡುಗ ಗ್ಲೂಕೋಮೀಟರ್ ತಂದು ಚುಚ್ಚಿದಾಗ 42. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಬಂದರೆ ಕಡಿಮೆ ಎಂದು ಲೆಕ್ಕ, 54ಕ್ಕಿಂತ ಕೆಳಗೆ ಅಪಾಯ.

ಎಚ್ಚರ ಇದ್ದು ನುಂಗಲಿಕ್ಕೆ ಆಗುವವರಿಗೆ ಕೂಡಲೇ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ, ನೀರಿನಲ್ಲಿ ಕರಗಿಸಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಏರದಿದ್ದರೆ ಮತ್ತೊಮ್ಮೆ. ಬಂದವರಿಗೆ ಬೆಲ್ಲ ನೀರು ಕೊಡುವ ಊರು ನಮ್ಮದು, ಬೆಲ್ಲವೂ ಆದೀತು. ಚಾಕಲೇಟು, ಐಸ್‌ಕ್ರೀಮು ಬೇಡ, ಅದರ ಕೊಬ್ಬಿನಿಂದಾಗಿ ಸಕ್ಕರೆ ನಿಧಾನ ಏರುತ್ತದೆ. ಊಟದ ಮೊದಲ ತುತ್ತಿನ ಜೊತೆ ತಗೊಳ್ಳುವ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂಬ ಮಾತ್ರೆ ಇದೆ. ಅದನ್ನು ತಗೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಒಡೆಯುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಮೆಡಿಕಲ್ಲಿನಲ್ಲಿ ಸಿಗುತ್ತದೆ, ಒಂದು ಪೊಟ್ಟಣ ತಂದಿಡಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಯಿರಿ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಯಿಂದ ಸಕ್ಕರೆ ಇಳಿದಿದ್ದರೆ ಒಮ್ಮೆ ಸರಿಯಾದ ಮೇಲೂ ಗಂಟೆಗಟ್ಟಲೆ ಬಿಟ್ಟು ಮತ್ತೆ ಇಳಿಯಬಹುದು. ಆ ಅಜ್ಜಿಯನ್ನು ಅದಕ್ಕೇ ಒಂದು ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡದ್ದು. ಏಕಾದಶಿಯಾಗಲಿ ರಂಜಾನ್ ಉಪವಾಸವಾಗಲಿ, ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಹಿಂದಿನ ವಾರವೇ ಬಂದು ಕೇಳಿ, ಮಾತ್ರೆಯ ಲೆಕ್ಕ ಬದಲಾಯಿಸಿಕೊಡಬಹುದು.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಸೂಕ್ಷ್ಮ ಉಂಟು. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ, ಉದಾಹರಣೆಗೆ ಮೆಟೊಪ್ರೊಲಾಲ್, ತಗೊಳ್ಳುವವರಿಗೆ ಸಕ್ಕರೆ ಇಳಿದಾಗ ಎದೆ ಬಡಿತ, ಕೈನಡುಕ ಗೊತ್ತಾಗದೇ ಹೋಗಬಹುದು. ಬೆವರು ಮಾತ್ರ ನಿಲ್ಲುವುದಿಲ್ಲ, ಯಾಕೆಂದರೆ ಬೆವರಿನ ಗ್ರಂಥಿಗೆ ಆಜ್ಞೆ ಹೋಗುವುದು ಅಡ್ರಿನಲಿನ್ ದಾರಿಯಲ್ಲಲ್ಲ, ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದ ದಾರಿಯಲ್ಲಿ. ಉಳಿದ ಬಾಗಿಲೆಲ್ಲ ಮುಚ್ಚಿದರೂ ಈ ಒಂದು ಕಿಟಕಿ ತೆರೆದಿರುತ್ತದೆ. ಅರೆಕೋಲಿನ್ ಕೈ ಹಾಕುವುದೂ ಇದೇ ಕಿಟಕಿಗೆ. ತೋಟಕ್ಕೆ, ಗದ್ದೆಗೆ ಹೊಡೆಯುವ ಕೆಲವು ಕೀಟನಾಶಕಗಳೂ ಹಾಗೆಯೇ. ಮದ್ದು ಹೊಡೆದು ಬಂದವರು ಬೆವರಿ, ಬಾಯಲ್ಲಿ ಜೊಲ್ಲು ಸುರಿದು, ಕಣ್ಣಿನ ಪಾಪೆ ಸಾಸಿವೆಯಷ್ಟಾದರೆ ಬಟ್ಟೆ ಬಿಚ್ಚಿ ಮೈ ತೊಳೆದು, ಆ ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಬನ್ನಿ.

ಮಾತು ಸ್ವಲ್ಪ ದಾರಿ ತಪ್ಪಲಿ. ಮುರಕಲ್ಲಿನ ಸಂದಿ, ಸೌದೆ ಅಟ್ಟಿ, ತೆಂಗಿನಕಾಯಿ ರಾಶಿ, ಇಲ್ಲೆಲ್ಲ ಚೇಳು. ಕಪ್ಪು ದೊಡ್ಡ ಚೇಳನ್ನು ಕಂಡು ಹೆದರುತ್ತೇವೆ, ಅದಕ್ಕಿಂತ ಚಿಕ್ಕದಾದ ಕೆಂಪು ಚೇಳೇ ಹೆಚ್ಚು ಕೆಟ್ಟದ್ದು. ಅದು ಕುಟುಕಿದ ಮಗುವಿಗೆ ವಾಂತಿ, ಮೈಯೆಲ್ಲ ಬೆವರು, ಕೈಕಾಲು ಹಿಮದ ಹಾಗೆ ತಣ್ಣಗೆ ಆದರೆ ವಿಷ ಹೃದಯಕ್ಕೆ ಕೈ ಹಾಕಿದೆ ಎಂದು ಅರ್ಥ. ಇದಕ್ಕೆ ದಾರಿ ತೋರಿಸಿದವರು ಕೊಂಕಣದ ಮಹಾಡ್ ಎಂಬಲ್ಲಿ ದುಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್. ಬಿಪಿಗೆಂದು ಬಂದಿದ್ದ ಪ್ರಾಜೋಸಿನ್ ಎಂಬ ಮಾತ್ರೆ ಈ ಮಕ್ಕಳನ್ನು ಉಳಿಸುತ್ತದೆ ಎಂದು ಊರಿನ ಸಣ್ಣ ಆಸ್ಪತ್ರೆಯಲ್ಲೇ ಕಂಡುಕೊಂಡರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನನ್ನಂಥ ಸಣ್ಣ ಊರಿನ ಡಾಕ್ಟರಿಗೆ ಅವರ ಹೆಸರು ಹೇಳುವಾಗ ಸ್ವಲ್ಪ ಎದೆ ಉಬ್ಬುತ್ತದೆ, ಕ್ಷಮಿಸಿ.

ಮಳೆಗಾಲ ಬಂತೆಂದರೆ ಜ್ವರದ ಬೆವರು. ಮಂಗಳೂರಿನವರಿಗೆ ಮಲೇರಿಯಾ ಹೊಸದಲ್ಲ: ಚಳಿ, ನಡುಕ, ಸುಡುವ ಜ್ವರ, ಆಮೇಲೆ ಬೆವರು ಬಿಟ್ಟು ಹಗುರ. ಬೆವರು ಬಿಟ್ಟಿತು, ಜ್ವರ ಇಳಿಯಿತು ಎಂಬ ಸಮಾಧಾನ ನಮಗೆ ಅಲ್ಲಿಂದಲೇ ಬಂದದ್ದಿರಬೇಕು. ಡೆಂಗಿಯಲ್ಲಿ ಈ ಸಮಾಧಾನವೇ ಮೋಸ. ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೇ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರಲು ಶುರುವಾಗಬಹುದು. ಜ್ವರ ಇಲ್ಲ, ಆದರೆ ಕೈಕಾಲು ತಣ್ಣಗೆ ಅಂಟಂಟು, ಹೊಟ್ಟೆನೋವು, ಬಿಡದ ವಾಂತಿ, ಮಗು ತೂಕಡಿಸುತ್ತದೆ ಅಥವಾ ಸುಮ್ಮನೆ ಹಟ ಮಾಡುತ್ತದೆ, ಮೂತ್ರ ಕಡಿಮೆ. ಇದು ಗುಣವಾಗುವ ಲಕ್ಷಣ ಅಲ್ಲ. ಪ್ಲೇಟ್‌ಲೆಟ್ ಎಷ್ಟು ಎಂದು ದಿನಕ್ಕೆ ನಾಲ್ಕು ಸಲ ಕೇಳುವ ನಾವು ಕೈ ತಣ್ಣಗುಂಟಾ ಎಂದು ಒಮ್ಮೆಯೂ ಮುಟ್ಟಿ ನೋಡುವುದಿಲ್ಲ. ಬೇರೆ ಯಾವುದೇ ಸೋಂಕಿನಲ್ಲೂ, ಮೂತ್ರದ ಸೋಂಕಾಗಲಿ ಇಲಿಜ್ವರವಾಗಲಿ, ಮೈ ತಣ್ಣಗಾಗಿ ಮಾತು ಗಲಿಬಿಲಿಯಾದರೆ ಸೋಂಕು ರಕ್ತಕ್ಕೇರಿರುವ ಸಾಧ್ಯತೆ ಉಂಟು.

ರಕ್ತಸ್ರಾವ ಕಣ್ಣಿಗೆ ಕಾಣದೆಯೂ ಆಗುತ್ತದೆ. ಮಂಡಿನೋವಿಗೆ ಮೆಡಿಕಲ್ಲಿನಿಂದ ತಾವೇ ತಂದ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವ ಹಿರಿಯರಿಗೆ ಡಾಂಬರಿನಂತೆ ಕಪ್ಪು ಮಲ ಹೋಗಿ, ಎದ್ದು ನಿಂತಾಗ ಬೆವರಿ ತಲೆ ತಿರುಗಿದರೆ ಹೊಟ್ಟೆಯೊಳಗೆ ಹುಣ್ಣು ಒಡೆದಿರಬಹುದು. ಮುಟ್ಟು ತಪ್ಪಿದ ಹೆಣ್ಣುಮಗಳಿಗೆ ಕಿಬ್ಬೊಟ್ಟೆಯ ನೋವು, ಜೊತೆಗೆ ತಣ್ಣನೆ ಬೆವರು ಬಂದರೆ ಗರ್ಭ ನಾಳದಲ್ಲಿ ನಿಂತು ಒಡೆದಿರಬಹುದು. ಇದನ್ನು ಹೇಳಲಿಕ್ಕೆ ಅತ್ತೆಯ ಎದುರು ಸಂಕೋಚಪಡುವ ಹುಡುಗಿಯರು ಈಗಲೂ ಇದ್ದಾರೆ. ಸಿಗಡಿ ತಿಂದ ಮೇಲೋ ಕಣಜ ಕಚ್ಚಿದ ಮೇಲೋ ಮೈಯೆಲ್ಲ ದದ್ದು, ಉಸಿರು ಕಟ್ಟಿ ತಣ್ಣಗೆ ಬೆವರಿದರೆ ನಿಮಿಷಗಳ ಲೆಕ್ಕ.

ಇಷ್ಟೆಲ್ಲ ಹೇಳಿ ನಿಮ್ಮನ್ನು ಹೆದರಿಸಿದೆನೋ ಏನೋ. ತಣ್ಣನೆ ಬೆವರೆಲ್ಲ ಆಪತ್ತಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನ ಕಿಟಕಿಗೆ ತಲೆ ಕೊಟ್ಟವರು ವಾಂತಿಗೆ ಮೊದಲು ಬೆವರುತ್ತಾರೆ. ರಕ್ತ ಕಂಡು, ಸೂಜಿ ಕಂಡು, ದೇವಸ್ಥಾನದ ಸರತಿಯಲ್ಲಿ ಹಸಿದು ನಿಂತು ಕಣ್ಣು ಕತ್ತಲಾಗಿ ಬೀಳುವವರಿದ್ದಾರೆ. ಮಲಗಿಸಿ ಕಾಲೆತ್ತಿದರೆ ಎರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ದಯವಿಟ್ಟು ಸುತ್ತ ಗುಂಪುಗೂಡಿ ಎತ್ತಿ ಕೂರಿಸಬೇಡಿ, ಕೂರಿಸಿದರೆ ಮತ್ತೆ ಬೀಳುತ್ತಾರೆ. ಓಡುವಾಗ, ಕೆಲಸ ಮಾಡುವಾಗ ಬಿದ್ದರೆ ಮಾತ್ರ ಹೃದಯ ತೋರಿಸಬೇಕು. ಗಾಬರಿಯ ಅಲೆ, ಪ್ಯಾನಿಕ್ ಅನ್ನುತ್ತೇವಲ್ಲ, ಅದೂ ನಿಜವಾದ ಕಾಯಿಲೆಯೇ: ಸತ್ತೇ ಹೋಗುತ್ತೇನೆ ಎನ್ನುವ ಭಯ, ಬೆವರು, ಬಡಿತ, ಹತ್ತು ನಿಮಿಷದೊಳಗೆ ಏರಿ ಆಮೇಲೆ ಇಳಿಯುತ್ತದೆ. ಆದರೆ ಜೀವನದಲ್ಲಿ ಮೊದಲ ಸಲ, ಅದೂ ಐವತ್ತರಲ್ಲಿ ಬಂದದ್ದನ್ನು ಇಸಿಜಿ ಇಲ್ಲದೆ ಟೆನ್ಷನ್ ಎಂದು ಕರೆಯುವ ಧೈರ್ಯ ನನಗಂತೂ ಇಲ್ಲ.

ಅಲ್ಲಿ ಅಮ್ಮ ಒಬ್ಬರು ರಾತ್ರಿ ಬೆವರುವ ಬಗ್ಗೆ ಕೇಳಿದರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಎದೆಯಿಂದ ಮುಖಕ್ಕೆ ಬಿಸಿ ಏರಿ ಬೆವರುವುದು ಸಾಮಾನ್ಯ. ಅದು ಮೊದಲು ಬಿಸಿ, ಆರುವಾಗ ಚಳಿ. ತೊಂದರೆ ಕೊಟ್ಟರೆ ಮದ್ದು ಉಂಟು. ಆದರೆ ವಾರಗಟ್ಟಲೆ ಸಂಜೆ ಜ್ವರ, ಕೆಮ್ಮು, ತೂಕ ಇಳಿತದ ಜೊತೆ ರಾತ್ರಿ ಬೆವರಿದರೆ ಕ್ಷಯ ಉಂಟಾ ಎಂದು ಕಫ ಪರೀಕ್ಷೆ ಮಾಡಿಸಬೇಕು, ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕುತ್ತಿಗೆ, ಕಂಕುಳಲ್ಲಿ ಗಡ್ಡೆ ಇದ್ದರೂ ತೋರಿಸಿ.

ಹಿಂದಿನಿಂದ ಇನ್ನೊಬ್ಬರು ಕೇಳಿದ್ದು ಒಳ್ಳೆಯ ಪ್ರಶ್ನೆ: "ನಮ್ಮ ಮನೆಗೆ ಗಾಡಿ ಬರುವುದಿಲ್ಲ, ಸಂಕ (ಕಾಲುಸೇತುವೆ) ದಾಟಿ ರಸ್ತೆಗೆ ಬರಬೇಕು. ಮೆಲ್ಲ ನಡೆಸಿಕೊಂಡು ಬರಬಹುದಾ?" ನಡೆಸಬೇಡಿ. ಹೃದಯಕ್ಕೆ ರಕ್ತ ಸಾಲದೆ ಇರುವಾಗ ಪ್ರತಿ ಹೆಜ್ಜೆಯೂ ಅದರ ಮೇಲೆ ಹೊರೆ. ತಾವೇ ಬೈಕ್ ಬಿಟ್ಟುಕೊಂಡು ಬಂದು ನನ್ನ ಬಾಗಿಲಲ್ಲಿ ಕುಸಿದವರನ್ನೂ ನೋಡಿದ್ದೇನೆ. 108ಕ್ಕೆ ಫೋನ್ ಮಾಡುವಾಗ ಮನೆಯ ಹೆಸರು ಹೇಳಿದರೆ ಅವರಿಗೆ ಗೊತ್ತಾಗುವುದಿಲ್ಲ. ಹತ್ತಿರದ ಶಾಲೆ, ದೈವಸ್ಥಾನ, ಹಾಲಿನ ಡೈರಿ, ಯಾವುದಾದರೂ ಒಂದರ ಗುರುತು ಹೇಳಿ. ಒಬ್ಬ ಹುಡುಗನನ್ನು ಟಾರ್ಚ್ ಕೊಟ್ಟು ರಸ್ತೆಬದಿಯಲ್ಲಿ ನಿಲ್ಲಿಸಿ. ತಿನ್ನುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ. ಮತ್ತೆ, ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಎಲ್ಲರ ಮನೆಯಲ್ಲೂ ಉಂಟಲ್ಲ, ಅದರಲ್ಲಿ ಕೂರಿಸಿ ಬೈರಾಸಿನಿಂದ ಸೊಂಟಕ್ಕೆ ಒಂದು ಕಟ್ಟು ಹಾಕಿ. ಸಂಕದ ಮೇಲೆ ನಾಲ್ಕು ಜನಕ್ಕೆ ಜಾಗ ಇರುವುದಿಲ್ಲ. ಮುಂದೆ ಒಬ್ಬ, ಹಿಂದೆ ಒಬ್ಬ ಗಟ್ಟಿ ಆಳು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಹಿಡಿಯಿರಿ.